ವಿಶಾಲುವಿನ ಶನಿವಾರಗಳು

ಕೌಸಲ್ಯಮ್ಮ ಗುಬ್ಬಿಯ ಪ್ರೈಮರಿ ಶಾಲೆಯಲ್ಲಿ ಹದಿನೆಂಟು ವರ್ಷದಿಂದ ಮೂರನೇ ಕ್ಲಾಸಿಗೇ ಪಾಠ ಹೇಳುತ್ತಿದ್ದರು. ಗಂಡ ಸೀತಾರಾಮಯ್ಯ ಅಂಚೆ ಕಚೇರಿಯ ಗುಮಾಸ್ತರು. ಮಕ್ಕಳಿರಲಿಲ್ಲ. ಒಬ್ಬರ ಮನೆಯ ಸುದ್ದಿಯನ್ನು ಇನ್ನೊಬ್ಬರ ಮನೆಗೆ ಒಯ್ಯದ ಹೆಂಗಸು ಎಂದು ಊರಲ್ಲಿ ಹೆಸರಾಗಿದ್ದರು. ೧೯೮೧ರಲ್ಲಿ ಒಂದು ಮಗುವಿನ ಜವಾಬ್ದಾರಿ ಅವರ ಜಗುಲಿಗೆ ಬಂದು ಬಿದ್ದದ್ದು ಆ ಹೆಸರಿನಿಂದಲೇ.

ಮಗು ಅವರ ಕ್ಲಾಸಿನ ವಿಶಾಲಾಕ್ಷಿ, ಎಂಟು ವರ್ಷದವಳು. ತಂದೆ ಸದಾಶಿವಯ್ಯ ಅಮೃತೂರಿನವನು. ತುಮಕೂರಿನ ಹತ್ತಿರ ಸತ್ಯಮಂಗಲದ ಒಂದು ಸಣ್ಣ ಕಾರ್ಖಾನೆಯಲ್ಲಿ ಲೇತ್ ಕೆಲಸ. ತಾಯಿ ಹೊಂಬಾಳಮ್ಮ ವಿಚ್ಛೇದನವಾದ ಮೇಲೆ ಗುಬ್ಬಿಯಲ್ಲಿ ಅಣ್ಣ ನರಸಿಂಹಯ್ಯನ ಮನೆ ಸೇರಿದ್ದಳು. ಮಗು ತಾಯಿಯ ಹತ್ತಿರ ಇರಬೇಕು, ತಿಂಗಳಿಗೆ ಎರಡು ಸಲ ಶನಿವಾರ ಮಧ್ಯಾಹ್ನದಿಂದ ಭಾನುವಾರ ಸಂಜೆಯವರೆಗೆ ತಂದೆಯ ಹತ್ತಿರ ಎಂದು ತುಮಕೂರಿನ ಕೋರ್ಟು ಹೇಳಿತ್ತು. ಒಪ್ಪಿಸುವುದು ಎಲ್ಲಿ? ಸದಾಶಿವಯ್ಯ ಹೊಸ್ತಿಲಿಗೆ ಬಂದರೆ ಮಚ್ಚು ತೆಗೆಯುತ್ತೇನೆ ಎಂದು ನರಸಿಂಹಯ್ಯ ನಾಲ್ಕು ಜನರ ಮುಂದೆ ಹೇಳಿದ್ದ. ಕೊನೆಗೆ ಎರಡೂ ಕಡೆಯವರು ಒಪ್ಪಿದ ಒಂದೇ ಹೆಸರು ಕೌಸಲ್ಯಮ್ಮನವರದು.

ಅವರು ಎರಡು ಮಾತು ಕರಾರು ಮಾಡಿಕೊಂಡರು. ತಮ್ಮ ಜಗುಲಿಯ ಮೇಲೆ ಒಬ್ಬರ ಬಗ್ಗೆ ಇನ್ನೊಬ್ಬರು ಕೆಟ್ಟದ್ದು ಆಡಬಾರದು. ಅಲ್ಲಿ ಏನಾಯಿತು, ಇಲ್ಲಿ ಏನಾಯಿತು ಎಂದು ಮಗುವನ್ನು ಕೆದಕಬಾರದು. ಇಬ್ಬರೂ ತಲೆಯಾಡಿಸಿದರು.

ಮೂರನೇ ಸಲಕ್ಕೇ ಕೌಸಲ್ಯಮ್ಮನವರಿಗೆ ಏನೋ ಸರಿಯಿಲ್ಲ ಅನ್ನಿಸಿತು. ತಂದೆ ಬರುವ ಶನಿವಾರ ಬೆಳಿಗ್ಗೆ ಮಗು ತಿಂದದ್ದನ್ನೆಲ್ಲ ವಾಂತಿ ಮಾಡಿಕೊಳ್ಳುತ್ತಿತ್ತು. ಸೋಮವಾರವೂ ಹಾಗೆಯೇ. ಒಂದು ದಿನ ಬಾಯಿ ತೊಳೆಸುತ್ತಿದ್ದಾಗ ವಿಶಾಲು ಕೇಳಿದಳು.

"ಮಿಸ್, ಇಬ್ಬರಿಗೂ ಸುಳ್ಳು ಹೇಳಿದ್ರೆ ಪಾಪ ಬರುತ್ತಾ?"

"ಯಾರಿಗೆ ಹೇಳ್ದೆ?"

"ಅಲ್ಲಿ, ಅಮ್ಮನ ನೆನಪೇ ಬರಲ್ಲ ಅಂತೀನಿ. ಇಲ್ಲಿ, ಅಪ್ಪನ ಮನೇಲಿ ಚೆನ್ನಾಗಿರಲ್ಲ ಅಂತೀನಿ. ಹಂಗಂದ್ರೆ ಬಯ್ಯಲ್ಲ."

ಕೌಸಲ್ಯಮ್ಮ ಸೆರಗಿನಿಂದ ಅವಳ ಮುಖ ಒರೆಸಿದರು. ಕರಾರು ಎಂದೋ ಮುರಿದಿತ್ತು.

ಆಗಸ್ಟಿನಲ್ಲಿ ನರಸಿಂಹಯ್ಯ ಶಾಲೆಗೆ ಬಂದ. "ಟೀಚರಮ್ಮ, ಮಗೂದು ಟೀಸಿ ಬೇಕಾಗಿತ್ತು. ಶಿರಾ ಹತ್ರ ನಮ್ಮ ಚಿಕ್ಕಪ್ಪನ ಮನೇಲಿ ಬಿಟ್ಟು ಓದಿಸ್ತೀವಿ."

"ಅವರಪ್ಪನಿಗೆ ಗೊತ್ತಾ?"

"ಗೊತ್ತಾಗಬಾರದು ಅಂತಾನೇ ಅಲ್ವಾ."

ಹೆಡ್ ಮಾಸ್ಟರು ರಜೆಯಲ್ಲಿದ್ದಾರೆ ಎಂದು ಹೇಳಿ ಕೌಸಲ್ಯಮ್ಮ ಅವನನ್ನು ಸಾಗಹಾಕಿದರು. ಆ ವಾರದ ಶನಿವಾರ ಗಂಟೆ ಹೊಡೆದ ಮೇಲೆ ವಿಶಾಲು ಚೀಲ ಕಟ್ಟಿಕೊಳ್ಳುತ್ತ ಕೇಳಿದಳು: "ಮಿಸ್, ಅಮೃತೂರ್ ಸ್ಕೂಲಲ್ಲೂ ಮೂರನೇ ಕ್ಲಾಸಿಗೆ ಇದೇ ಪುಸ್ತಕಾನಾ?"

"ಯಾಕೆ ಮಗು?"

ವಿಶಾಲು ತುಟಿ ಬಿಗಿಹಿಡಿದು ನೆಲ ನೋಡಿದಳು. ಆ ದಿನ ಜಗುಲಿಗೆ ಬರುವ ಬದಲು ಶಾಲೆಯ ಗೇಟಿನ ಹತ್ತಿರವೇ ಸದಾಶಿವಯ್ಯ ನಿಂತಿದ್ದ. ಕೈಯಲ್ಲಿ ಹೊಸ ಸ್ಲೇಟು.

"ನಾಳೆ ಐದೂವರೆ ಬಸ್ಸಿಗೆ ಕರ್ಕೊಂಡ್ ಬರ್ತೀರಲ್ಲ?" ಎಂದು ಕೌಸಲ್ಯಮ್ಮ ಕೇಳಿದರು.

"ಬರ್ತೀನಿ," ಅಂದ. ಮುಖ ಎತ್ತಲಿಲ್ಲ. ತಡೆಯಲು ಅವರಿಗೆ ಯಾವ ಅಧಿಕಾರವೂ ಇರಲಿಲ್ಲ. ಮಗುವಿನ ಕೈ ಬಿಟ್ಟರು. ಆಮೇಲೆ ವರ್ಷಗಟ್ಟಲೆ ಆ ಗಳಿಗೆಯನ್ನು ಅವರು ತಮಗೆ ತಾವೇ ಕ್ಷಮಿಸಿಕೊಳ್ಳಲಿಲ್ಲ.

ಭಾನುವಾರ ಐದೂವರೆಯ ಬಸ್ಸು ಬಂತು. ಆರೂಕಾಲಿನದೂ ಬಂತು. ಮಗು ಇಳಿಯಲಿಲ್ಲ. ಹೊಂಬಾಳಮ್ಮ ಜಗುಲಿಯ ಕಂಬ ಹಿಡಿದು ನಿಂತಿದ್ದಳು.

"ಅಣ್ಣ ಶಿರಾಕ್ಕೆ ಹೋಗವ್ನೆ. ನಾಳೆ ಸಂಜೆ ಬತ್ತಾನೆ. ಗೊತ್ತಾದ್ರೆ ಜನ ಕಟ್ಕೊಂಡು ಅಮೃತೂರಿಗೆ ನುಗ್ತಾನೆ ಮಿಸ್. ಹೆಣ ಬೀಳ್ತವೆ."

"ಹಾಗಾದ್ರೆ ಅವನು ಬರೋದ್ರೊಳಗೆ ನಾವಿಬ್ರೇ ಹೋಗಿ ಬರೋಣ," ಅಂದರು ಕೌಸಲ್ಯಮ್ಮ.

ಮರುದಿನ ಮೊದಲ ಬಸ್ಸಿಗೆ ತುಮಕೂರು, ಅಲ್ಲಿಂದ ಕುಣಿಗಲ್, ಅಲ್ಲಿಂದ ಪ್ರೈವೇಟ್ ಬಸ್ಸಿನಲ್ಲಿ ಅಮೃತೂರು. ಮನೆಯ ಮುಂದೆ ಸದಾಶಿವಯ್ಯನ ತಾಯಿ ಹನುಮಂತಮ್ಮ ಕೂತಿದ್ದಳು. ಮಾಜಿ ಸೊಸೆಯನ್ನು ಕಂಡು ಬಯ್ಯಬಹುದು ಎಂದು ಕೌಸಲ್ಯಮ್ಮ ಅಂದುಕೊಂಡಿದ್ದರು. ಮುದುಕಿ ಎದ್ದು ಬಂದು ಹೊಂಬಾಳಮ್ಮನ ಕೈ ಹಿಡಿದುಕೊಂಡಳು.

"ಒಳಕ್ ಬಾರವ್ವ. ಮಗೂ ಮಾತಾಡ್ತಿಲ್ಲ."

ನಾಳೆಯಿಂದ ಇಲ್ಲೇ ಸ್ಕೂಲು ಎಂದು ಭಾನುವಾರ ಮಧ್ಯಾಹ್ನ ಅಪ್ಪ ಹೇಳಿದ್ದನಂತೆ. ಆಗ ರಾಗಿಮೂಟೆಗಳ ಹಿಂದೆ ಹೋಗಿ ಕೂತವಳು ಅನ್ನ ಮುಟ್ಟಿಲ್ಲ, ನೀರು ಕುಡಿದಿಲ್ಲ. ಸದಾಶಿವಯ್ಯ ಮೂಟೆಗೆ ಒರಗಿ ನೆಲದ ಮೇಲೆ ಕೂತಿದ್ದ. ಹೊಂಬಾಳಮ್ಮನನ್ನು ಕಂಡದ್ದೇ ಎದ್ದ.

"ನಿನ್ ಅಣ್ಣ ಮಗೂ ತಲೆ ಕೆಡಿಸವ್ನೆ."

"ಕದ್ಕೊಂಡ್ ಬಂದೋರು ಯಾರು?"

ಮೂಟೆಗಳ ಹಿಂದೆ ವಿಶಾಲು ಎರಡೂ ಕಿವಿ ಮುಚ್ಚಿಕೊಂಡಳು. ಕೂತಲ್ಲೇ ಲಂಗ ಒದ್ದೆಯಾಯಿತು. ಇಬ್ಬರೂ ಅದನ್ನು ನೋಡಿ ಸುಮ್ಮನಾದರು.

ಕೌಸಲ್ಯಮ್ಮ ದನಿ ಏರಿಸಲಿಲ್ಲ. "ಸದಾಶಿವಯ್ಯ, ನೀವು ಇಲ್ಲಿ ಸೇರಿಸೋಕೆ ಹೊರಟಿದ್ರಿ. ಹೊಂಬಾಳಮ್ಮ, ನಿಮ್ಮಣ್ಣ ಶಿರಾಕ್ಕೆ ಸಾಗಿಸೋಕೆ ಟೀಸಿ ಕೇಳಿದಾನೆ. ನಿನಗೂ ಗೊತ್ತಿತ್ತು. ನಿಮ್ಮಿಬ್ಬರ ಸಂಸಾರ ಮುಗೀತು, ಮುಗೀಲಿ. ಅವಳಿಗೆ ನೀವಿಬ್ರೂ ಮುಗಿದಿಲ್ಲ. ಅದನ್ನ ನನಗಲ್ಲ, ಅವಳಿಗೆ ಹೇಳಿ."

ಮೊದಲು ಕುಕ್ಕರುಗಾಲಲ್ಲಿ ಕೂತವನು ಸದಾಶಿವಯ್ಯ. "ಅಮ್ಮನ ಹತ್ರ ಹೋಗ್ಬೇಕು ಅನ್ಸಿದ್ರೆ ಹೇಳವ್ವ. ನಂಗೆ ಬೇಜಾರಿಲ್ಲ." ಹೊಂಬಾಳಮ್ಮ ಪಕ್ಕದಲ್ಲಿ ಕೂತಳು. "ಅಪ್ಪ ಅಂದ್ರೆ ನಿಂಗಿಷ್ಟ ಅಂತ ನಂಗೊತ್ತು ಮಗ. ಅದು ತಪ್ಪಲ್ಲ."

ವಿಶಾಲು ಅಜ್ಜಿಯ ಕೈಯಿಂದ ಒಂದು ಲೋಟ ನೀರು ಕುಡಿದಳು. ಮಾತು ಬರಲಿಲ್ಲ.

ಮಗುವನ್ನು ಸದಾಶಿವಯ್ಯನೇ ಎತ್ತಿಕೊಂಡು ಬರಬೇಕು ಎಂದು ಕೌಸಲ್ಯಮ್ಮ ಹಟ ಹಿಡಿದರು. ಸಂಜೆ ಗುಬ್ಬಿ ಬಸ್ ಸ್ಟ್ಯಾಂಡಿನಲ್ಲಿ ಇಳಿದಾಗ ಶಿರಾದಿಂದ ಬಂದು ಸುದ್ದಿ ತಿಳಿದ ನರಸಿಂಹಯ್ಯ ನಾಲ್ಕು ಜನರೊಂದಿಗೆ ಕಾಯುತ್ತಿದ್ದ. ಒಬ್ಬನ ಪಂಚೆಯ ಮಡಿಕೆಯಲ್ಲಿ ಏನೋ ಉಬ್ಬಿಕೊಂಡಿತ್ತು. ನರಸಿಂಹಯ್ಯ ಮುಂದೆ ಬಂದ. ಹೊಂಬಾಳಮ್ಮ ನಡುವೆ ನಿಂತಳು.

"ಅಣ್ಣ, ಮಗು ಅವರ ಹೆಗಲ ಮೇಲೆ ನಿದ್ದೆ ಮಾಡ್ತಾ ಐತೆ. ಮೆತ್ತಗೆ ಮಾತಾಡು."

ಅಣ್ಣನಿಗೆ ಅವಳು ಎದುರಾಡಿದ್ದು ಅದೇ ಮೊದಲು. ಅವನು ಮಗುವಿನ ಮುಖ ನೋಡಿದ. ಹಿಂದೆ ತಿರುಗಿ ತನ್ನವರಿಗೆ ಹೋಗಿ ಎಂದು ಕೈಸನ್ನೆ ಮಾಡಿದ.

ವಿಶಾಲು ನಲವತ್ತೇಳು ದಿನ ಮಾತಾಡಲಿಲ್ಲ. ಗಂಟಲಲ್ಲಿ ದೋಷವಿಲ್ಲ ಎಂದರು ತುಮಕೂರಿನ ಡಾಕ್ಟರು. ಆ ದಿನಗಳಲ್ಲಿ ಪ್ರತಿ ಶನಿವಾರ ತಂದೆ ತಾಯಿ ಇಬ್ಬರೂ ಜಗುಲಿಗೆ ಬಂದು ಅರ್ಧ ಗಂಟೆ ಅವಳ ಎರಡು ಪಕ್ಕ ಕೂರಬೇಕು ಎಂದು ಕೌಸಲ್ಯಮ್ಮ ಹೇಳಿದರು. ಕೂತರು. ಮೊದಮೊದಲು ಆ ಮೌನದಲ್ಲಿ ಸೀತಾರಾಮಯ್ಯನವರಿಗೇ ಉಸಿರು ಕಟ್ಟಿ ಅವರು ಹಿತ್ತಿಲಿಗೆ ಹೋಗಿಬಿಡುತ್ತಿದ್ದರು. ಆಮೇಲೆ ಮಗುವಿನ ಕೆಮ್ಮು, ಲೆಕ್ಕದ ಪುಸ್ತಕ, ಹಲ್ಲು ಬಿದ್ದದ್ದು, ಹೀಗೆ ಒಂದೊಂದೇ ಮಾತು ಶುರುವಾಯಿತು. ನಲವತ್ತೆಂಟನೇ ದಿನ ಮಗು ತಲೆಯೆತ್ತಿ, "ಅಪ್ಪ, ಬಸ್ಸೆಷ್ಟೊತ್ತಿಗೆ?" ಅಂದಿತು.

ಮುಂದಿನ ವರ್ಷಗಳಲ್ಲಿ ಇನ್ನೂ ಐದು ಮನೆಯವರು ಮಕ್ಕಳನ್ನು ಕರೆದುಕೊಂಡು ಆ ಜಗುಲಿಗೆ ಬಂದರು. ಎಲ್ಲವೂ ಸರಿಹೋಗಲಿಲ್ಲ. ೧೯೮೬ರಲ್ಲಿ ಒಬ್ಬ ತಂದೆ ಭಾನುವಾರ ಮಗಳನ್ನು ವಾಪಸು ತರಲೇ ಇಲ್ಲ. ಬೊಂಬಾಯಿ ಎಂದರು, ಸೂರತ್ ಎಂದರು. ಆ ತಾಯಿ ಎರಡು ವರ್ಷ ಜಗುಲಿಗೆ ಬಂದು ಕೂತು ಹೋಗುತ್ತಿದ್ದಳು.

೧೯೮೯ರಲ್ಲಿ ಎಸ್ಸೆಸ್ಸೆಲ್ಸಿ ಪಾಸಾಗಿ ವಿಶಾಲು ಪೇಡ ಕೊಡಲು ಬಂದಳು. ತಂದೆಗೆ ಮತ್ತೊಂದು ಮದುವೆಯಾಗಿತ್ತು, ಅಲ್ಲೊಬ್ಬ ತಂಗಿಯೂ ಇದ್ದಳು. ಕೌಸಲ್ಯಮ್ಮ ಕಾಫಿ ಕೊಟ್ಟು, "ಅವತ್ತು ನಿನಗೆ ಮಾತೇ ಹೋಗಿಬಿಡ್ತೇನೋ ಅಂತ ಹೆದರಿದ್ದೆ ಕಣೇ," ಅಂದರು.

"ಹೋಗಿರ್ಲಿಲ್ಲ ಮಿಸ್. ನಾನು ಏನ್ ಮಾತಾಡಿದ್ರೂ ಇಬ್ಬರಲ್ಲಿ ಒಬ್ಬರು ಸೋಲ್ತಿದ್ರು. ಅದಕ್ಕೆ ಇನ್ನು ಮಾತೇ ಬೇಡ ಅಂತ ಮಾಡ್ಕೊಂಡಿದ್ದೆ."

ಎಂಟು ವರ್ಷದ ಮಗು ಕತ್ತಲ ಮೂಲೆಯಲ್ಲಿ ಕೂತು ಹಾಗೆ ನಿರ್ಧರಿಸಿತ್ತು ಎಂಬುದು ಕೌಸಲ್ಯಮ್ಮನವರಿಗೆ ಅವತ್ತೇ ಗೊತ್ತಾದದ್ದು. ವಿಶಾಲು ಕಾಫಿ ಮುಗಿಸಿ, ಲೋಟ ತೊಳೆದಿಟ್ಟು, ಇನ್ನೊಂದು ಪೇಡದ ಪೊಟ್ಟಣವನ್ನು ಅಮೃತೂರಿಗೆಂದು ಚೀಲಕ್ಕೆ ಹಾಕಿಕೊಂಡು ಎದ್ದಳು.