ಮಲ್ಲವ್ವನ ಹೊಲದ ಬದು

ನೆಹರು ಗಂಜಿನ ಪೇಟೆಯಲ್ಲಿ ಮೊನ್ನೆ ಒಬ್ಬಾಕೆ ಹಸಿ ತೊಗರಿಕಾಯಿ ಕುದಿಸಿ ಮಾರುತ್ತಿದ್ದಳು. ಆ ವಾಸನೆಗೆ ನಿಮಗೆ ಬಾಯಲ್ಲಿ ನೀರೂರೀತು, ಕಲಬುರಗಿಯವರಾದರೆ ಊರಲೇಬೇಕು. ನಾನು ಮಾತ್ರ ತಲೆ ತಗ್ಗಿಸಿ ದಾಟಿಬಿಡುತ್ತೇನೆ.

ಅಪ್ಪ ಕಮಲಾಪುರದ ಕಡೆ ಫಾರೆಸ್ಟ್ ಗಾರ್ಡ್ ಆಗಿದ್ದರು. ಗುಡ್ಡದ ಅಡವಿಯೊಳಗೆ ಗೊಂಡರ ಮಲ್ಲವ್ವನ ಮನೆತನ ಅಜ್ಜ-ಮುತ್ತಜ್ಜರ ಕಾಲದಿಂದ ಒಂದು ತುಂಡು ನೆಲ ಉಳುತ್ತಿತ್ತು. ಸರಕಾರದ ಲೆಕ್ಕದಲ್ಲಿ ಅದು ಅಡವಿ. ಹೀಗಾಗಿ ತೊಗರಿಕಾಯಿ ಬಲಿಯುವ ಹೊತ್ತಿಗೆ ಅಪ್ಪ ಆಳುಗಳನ್ನು ಕರೆದುಕೊಂಡು ಹೋಗಿ ಬೆಳೆ ಕೀಳಿಸುತ್ತಿದ್ದರು. ಕಿತ್ತ ಗಿಡದ ಹೊರೆ ನಮ್ಮ ಮನೆಗೂ ಬರುತ್ತಿತ್ತು. ಅವ್ವ ಉಪ್ಪು ಹಾಕಿ ಕುದಿಸುತ್ತಿದ್ದಳು. ತಿನ್ನುವುದರಲ್ಲಿ ನಾನು ಮನೆಗೇ ಮುಂದು. ಯಾರ ಹೊಲದ್ದು ಎಂದು ಕೇಳುವಷ್ಟು ಬುದ್ಧಿ ಹೊಟ್ಟೆಗೆಲ್ಲಿ?

ಅಪ್ಪ ನಿವೃತ್ತರಾಗಿ ನಾವು ಕಲಬುರಗಿಗೆ ಬಂದೆವು. ಅಡವಿಯಲ್ಲಿ ಮೊದಲಿಂದ ಬಾಳಿದವರಿಗೆ ನೆಲದ ಹಕ್ಕು ಕೊಡುವ ಕಾನೂನೂ ಬಂತು. ಒಂದು ದಿನ ಬಾಗಿಲಲ್ಲಿ ಮಲ್ಲವ್ವ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಕುರ್ಚಿ ಕೊಟ್ಟರೂ ಕೂರಲಿಲ್ಲ.

“ನಮ್ಮ ಅರ್ಜಿ ಹೊಳ್ಳಿ ಬಂದದ ರೀ ಸಾಬ್ರೇ. ಮೊದಲಿಂದ ಅಲ್ಲಿ ಉಳ್ತಿದ್ರಿ ಅನ್ನೋದಕ್ಕ ಸಾಕ್ಷಿ ಎಲ್ಲದ ಅಂತಾರ. ನಮ್ಮ ಹೊಲ ನಿಮ್ಮಷ್ಟು ಯಾರು ನೋಡ್ಯಾರ ರೀ?”

ಆಕೆಯ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಮಗೇ ಹಗುರಾಗುತ್ತಿತ್ತು. ಸಾಕ್ಷಿ ಹೇಳಲು ಅಪ್ಪ ಒಲ್ಲೆ ಎನ್ನುತ್ತಾರೆಂದೇ ನಾನು ತಿಳಿದಿದ್ದೆ.

ಗ್ರಾಮಸಭೆಯ ದಿನ ಅವರೇ ಅಂಗಿ ಇಸ್ತ್ರಿ ಮಾಡಿಕೊಂಡರು. ನಾನೂ ಜೊತೆಗೆ ಹೋದೆ. ಅಧಿಕಾರಿಗಳು, ಮಲ್ಲವ್ವನ ಹಟ್ಟಿಯ ಮಂದಿ, ಎಲ್ಲರೆದುರು ಎದ್ದು ನಿಂತು ಹೇಳಿದರು: “ಇವರು ಬಿತ್ಯಾರ. ನಾ ಕಿತ್ತೀನಿ. ವರ್ಷಾ ವರ್ಷಾ. ಅಲ್ಲಿ ಹೊಲ ಇರಲಿಲ್ಲ ಅಂದ್ರ ನಾ ಕಿತ್ತದ್ದು ಏನ್ ರೀ?”

ಹಟ್ಟಿಯ ಒಬ್ಬ ಹೆಣ್ಣುಮಗಳು ಅತ್ತಳು. ಅಪ್ಪ ಕೂರಲು ಜಾಗ ಹುಡುಕಿದರು. ಯಾರೂ ಸರಿದು ಕೊಡಲಿಲ್ಲ. ಸಭೆ ಮುಗಿಯುವ ತನಕ ನಿಂತೇ ಇದ್ದರು. ನಾನೂ.

ಹಕ್ಕುಪತ್ರ ಬಂತು, ತಡವಾಗಿ. ಸುದ್ದಿ ಕೇಳಿ ಅಪ್ಪ ನನ್ನನ್ನು ಕರೆದುಕೊಂಡು ಅಡವಿಗೆ ಹೋದರು. ಬದುವಿನ ಹತ್ತಿರ ನಿಂತರು. ಆ ನೆಲಕ್ಕೆ ಎಷ್ಟು ಸಲ ನುಗ್ಗಿದ್ದರೋ, ಅವತ್ತು ಕಾಲು ಏಳಲಿಲ್ಲ.

“ಒಳಗ ಬರ್ಲೇನ, ಮಲ್ಲವ್ವ?”

ಕಳೆ ತೆಗೆಯುತ್ತಿದ್ದ ಆಕೆ ತಲೆ ಎತ್ತಿದಳು. ಅಪ್ಪನ ಕಾಲ ಕಡೆ ನೋಡಿದಳು.

“ಚಪ್ಪಲಿ ಬಿಟ್ಟು ಬರ್ರಿ.”

ಅಪ್ಪ ಈಗಿಲ್ಲ. ಕಮಲಾಪುರದ ಕಡೆ ಹೋದಾಗ ನಾನೂ ಅಲ್ಲೇ ನಿಂತು ಕೇಳುತ್ತೇನೆ. ಮಲ್ಲವ್ವ ಕೆಲವು ಸಲ ಬಾ ಅನ್ನುತ್ತಾಳೆ. ಕೆಲವು ಸಲ ಕೇಳಿಸದವಳಂತೆ ಕೆಲಸ ಮಾಡುತ್ತಿರುತ್ತಾಳೆ. ಆಗ ಬಂದ ದಾರಿಯಲ್ಲೇ ಹೊಳ್ಳುತ್ತೇನೆ.