ಅಳಿಸಲು ಸೂಚಿಸಲಾದ ಪುಟ

ಅಂತರ್ಜಾಲದ ಕನ್ನಡ ವಿಶ್ವಕೋಶದಲ್ಲಿ ನನಗೆ ಹೆಸರು ಬಂದದ್ದೇ ಪುಟ ಅಳಿಸಿದ್ದಕ್ಕೆ. ಹೊಸಪೇಟೆಯಲ್ಲಿ ಹುಟ್ಟುಹಬ್ಬಕ್ಕೊಂದು ಫ್ಲೆಕ್ಸ್ ಕಟ್ಟಿಸಿಕೊಂಡವರೆಲ್ಲ ಅಲ್ಲಿ ತಮ್ಮದೊಂದು ಪುಟ ಬರೆದುಕೊಳ್ಳುತ್ತಿದ್ದರು. ‘ಇವರ ಬಗ್ಗೆ ಪತ್ರಿಕೆಯಲ್ಲೋ ಪುಸ್ತಕದಲ್ಲೋ ಬೇರೆಯವರು ಬರೆದ ಪುರಾವೆ ಎಲ್ಲಿ?’ ಎಂದು ಕೇಳುತ್ತಿದ್ದೆ. ಏಳು ದಿನ ಕಾದು ಅಳಿಸುತ್ತಿದ್ದೆ. ಸುಳ್ಳೇಕೆ ಹೇಳಲಿ, ಅದರಲ್ಲಿ ನನಗೆ ಖುಷಿಯೂ ಇತ್ತು.

ಹೋದ ವರ್ಷ ಮರಿಯಮ್ಮನಹಳ್ಳಿಯ ಹಿರಿಯ ನಟಿಯೊಬ್ಬರ ಬಗ್ಗೆ ನಾನೇ ಒಂದು ಪುಟ ಬರೆದೆ. ಸುತ್ತಲಿನ ಹಳ್ಳಿಯ ಗಂಡಸರು ನಾಟಕ ಆಡಿದಾಗಲೆಲ್ಲ ನಾಯಕಿಯ ಪಾತ್ರಕ್ಕೆ ಅವರನ್ನೇ ಕರೆಸುತ್ತಿದ್ದರು. ಈಗ ಹಾಸಿಗೆ ಹಿಡಿದಿದ್ದರು. ಪುಟವನ್ನು ಓದಿ ಹೇಳಿದಾಗ ಸೆರಗಿನಿಂದ ಕಣ್ಣೊರೆಸಿಕೊಂಡು, “ನಾ ಹೋದಮ್ಯಾಲೂ ಇದು ಇರ್ತೈತೇನ್ರಿ?” ಎಂದರು.

“ಇರ್ತೈತ್ರಿ ಅಮ್ಮಾ” ಎಂದೆ.

ಮೂರೇ ದಿನಕ್ಕೆ ಬೇರೊಬ್ಬ ಸಂಪಾದಕರು ಅದಕ್ಕೆ ಅಳಿಸುವ ಸೂಚನೆ ಅಂಟಿಸಿದರು. ಪುರಾವೆ ಎಲ್ಲಿ ಎಂಬ ವಾಕ್ಯ ನನ್ನದೇ, ಒಂದಕ್ಷರವೂ ಬದಲಾಗಿರಲಿಲ್ಲ.

ಹುಚ್ಚು ಹಿಡಿದವನಂತೆ ತಿರುಗಿದೆ. ಗ್ರಂಥಾಲಯದ ಹಳೆಯ ಪತ್ರಿಕೆಗಳಲ್ಲಿ ಏನೂ ಸಿಗಲಿಲ್ಲ. ಕಂಪ್ಲಿಯ ವರದಿಗಾರರೊಬ್ಬರು, “ಆಯಮ್ಮ ತೀರಿಕೊಂಡಾಗ ತಿಳಿಸ್ರಿ ಸರ್, ಫೋಟೋ ಹಾಕಿ ಮಸ್ತ್ ಬರೀತೀನಿ” ಎಂದರು. ಸಿಟ್ಟು ನೆತ್ತಿಗೇರಿತು. ಮರುಗಳಿಗೆಯಲ್ಲೇ, ಈ ವಾರದೊಳಗೆ ಹಾಗಾದರೆ ಪುಟ ಉಳಿಯುತ್ತದಲ್ಲ ಎಂದು ಯೋಚಿಸಿದವನೂ ನಾನೇ. ಆ ನಾಚಿಕೆ ಇನ್ನೂ ಹೋಗಿಲ್ಲ.

ಆರನೆಯ ದಿನ ಮೆಟ್ರಿ ಎಂಬ ಹಳ್ಳಿಯಲ್ಲಿ, ನಾಟಕದ ಗೀಳಿದ್ದ ರೈತರೊಬ್ಬರ ಟ್ರಂಕಿನಲ್ಲಿ ಹಳೆಯ ಹ್ಯಾಂಡ್‌ಬಿಲ್‌ಗಳು ಸಿಕ್ಕವು. ಹಾರ್ಮೋನಿಯಂ ನುಡಿಸಿದ ಪೇಟಿ ಮಾಸ್ತರರ ಹೆಸರಿತ್ತು, ಮೈಕ್ ಸೆಟ್ಟಿನವನ ಹೆಸರಿತ್ತು, ಚಹಾ ಕೊಡಿಸಿದವರ ಹೆಸರೂ ಇತ್ತು. ನಾಯಕಿಯ ಪಾತ್ರದ ಎದುರು ಎಲ್ಲದರಲ್ಲೂ ‘ಮರಿಯಮ್ಮನಹಳ್ಳಿಯ ಕಲಾವಿದೆ’ ಎಂದಷ್ಟೇ ಇತ್ತು.

ಮಾರನೆಯ ದಿನ ಆ ನಟಿಯ ಮನೆಗೆ ಹೋಗಿ, ಹೆಸರೇಕೆ ಹಾಕಲಿಲ್ಲವೆಂದು ಕೇಳಿದೆ.

“ನಾನೇ ಕೈಮುಗುದು ಬ್ಯಾಡ ಅಂದಿದ್ದೆ ರೀ. ಮಗಳಿಗೆ ವರ ನೋಡೋ ಹೊತ್ತದು. ನಾಟಕದಾಕಿ ಮಗಳು ಅಂದ್ರ ಯಾರು ಒಪ್ತಿದ್ರು? ಈಗ ಆಕಿಗೂ ಮೊಮ್ಮಕ್ಕಳಾಗ್ಯಾವ. ಈಗ ಹೆಸರು ಬಂದ್ರ ಅಂಜಿಕಿಲ್ಲ” ಎಂದು ನಕ್ಕರು. “ಅದನ್ನ ಇನ್ನೊಮ್ಮೆ ಓದ್ರಿ.”

ಮೊಬೈಲ್ ತೆರೆದೆ. ‘ಈ ಹೆಸರಿನ ಪುಟ ಇಲ್ಲ’ ಎಂದು ಬಂತು. ಏಳು ದಿನ ಮುಗಿದಿತ್ತು. ಅವರಿಗೆ ಓದಲು ಬಾರದು. ತೆರೆಯನ್ನೇ ನೋಡುತ್ತಾ, ಬರೆದದ್ದನ್ನು ನೆನಪು ಮಾಡಿಕೊಂಡು ಹೇಳತೊಡಗಿದೆ.

“ತಡೀರಿ” ಎಂದರು. “ಒಂದು ಸಾಲು ಬಿಟ್ರಿ. ನಮ್ಮವ್ವನ ಹೆಸರಿತ್ತಲ್ಲ, ಅದು.”

ನಾಟಕದ ಮಾತುಗಳನ್ನೆಲ್ಲ ಕೇಳಿಯೇ ಕಲಿತವರು. ಒಮ್ಮೆ ಕೇಳಿದ ನನ್ನ ಪುಟ ಅವರಿಗೆ ಪೂರಾ ಬಾಯಿಪಾಠವಾಗಿತ್ತು. ತಪ್ಪಾಯಿತೆಂದು ಆ ಸಾಲನ್ನೂ ಹೇಳಿದೆ.

“ಅದು ಎಲ್ಲೈತಿ, ತೋರಸ್ರಿ” ಎಂದು ಮೊಬೈಲಿನತ್ತ ಬೆರಳು ಚಾಚಿದರು. ಬೆರಳನ್ನು ಹಿಡಿದು ‘ಇಲ್ಲ’ ಎಂಬ ಅಕ್ಷರಗಳ ಮೇಲಿಟ್ಟೆ.