ಕಡವಿನ ಸುದ್ದಿ ಬರೆದ ಸುಂದರಿ

ಎರಡನೇ ದೊಡ್ಡ ಯುದ್ಧ ಶುರುವಾಗುವ ಮೊದಲಿನ ಮಾತು. ಮಂಗಳೂರು ಬಂದರದ ಆಚೆ ದಡದ ಊರಲ್ಲಿ ಸುಂದರಿ ಎಂಬವಳಿದ್ದಳು. ಎಂಟನೇ ಕ್ಲಾಸು ಕಲಿತವಳು, ಗಂಡ ತೀರಿದ ಮೇಲೆ ತವರಿಗೆ ಬಂದು ಕೂತವಳು. ಕೂತವಳು ಅಂದರೆ ತಪ್ಪಾದೀತು. ಒಂದು ಕಡೆ ಕೂತು ಅವಳಿಗೆ ಗೊತ್ತೇ ಇರಲಿಲ್ಲ. ಆಚೀಚೆ ಊರುಗಳ ಸುದ್ದಿ ಬರೆದು ಪೇಟೆಯ ವಾರಪತ್ರಿಕೆಗೆ ಕೊಡುತ್ತಿದ್ದಳು. ಅಚ್ಚಾಗುವಾಗ 'ನಮ್ಮ ಬಾತ್ಮೀದಾರರಿಂದ' ಎಂದಷ್ಟೇ ಇರುತ್ತಿತ್ತು. ಆ ಬಾತ್ಮೀದಾರ ಹೆಂಗಸು ಎಂದು ಪೇಟೆಯವರಿಗೆ ಗೊತ್ತಿರಲಿಲ್ಲ, ಊರವರಿಗೆ ಗೊತ್ತಿತ್ತು.

ಸುದ್ದಿಗಾಗಿ ಅವಳು ಮನೆಮನೆ ತಿರುಗಬೇಕಾಗಿರಲಿಲ್ಲ. ಹೊಳೆ ದಾಟಿಸುವ ಕಡವಿನ ದೋಣಿಯಲ್ಲಿ ಕೂತರೆ ಸಾಕು. ಯಾವ ಕೇರಿಗೆ ಸಿಡುಬು ಬಂತು, ಯಾರ ಬಾವಿ ಉಪ್ಪಾಯಿತು, ದಡ ಮುಟ್ಟುವುದರೊಳಗೆ ಎಲ್ಲ ಅವಳ ಮಡಿಲಿಗೆ ಬಿದ್ದಿರುತ್ತಿತ್ತು.

ಆ ವರ್ಷ ಮಳೆ ಹಿಡಿಯುವ ಮುಂಚೆ ಅವಳು ಆ ದೋಣಿಯ ಬಗ್ಗೆಯೇ ಬರೆದಳು. ಅಡಿಹಲಗೆ ಕೊಳೆತಿದೆ, ಹೆಂಗಸರು ತೆಂಗಿನ ಗೆರಟೆಯಲ್ಲಿ ನೀರು ಮೊಗೆದು ಚೆಲ್ಲುತ್ತಾ ದಾಟಬೇಕು, ಮಳೆಗಾಲದಲ್ಲಿ ಜೀವ ಹೋದೀತು ಎಂದು. ಬರೆದದ್ದೆಲ್ಲ ನಿಜ. ಆದರೆ ಹಲಗೆ ಬದಲಿಸಬೇಕಾದವನು ಕಡವಿನ ಗುತ್ತಿಗೆದಾರ ಗುಣಪಾಲ ಎಂದು ಬರೆಯಲಿಲ್ಲ. ಊರಿಗೆಲ್ಲ ಗೊತ್ತಿದ್ದ ಮಾತನ್ನು ಬರೆಯುವುದೇನು ಅನ್ನಿಸಿತ್ತು. ಪೇಟೆಯ ಸರಕಾರಿ ಕಚೇರಿಯಿಂದ ವಿಚಾರಣೆ ಬಂತು. ಗುಣಪಾಲ ತಪ್ಪನ್ನೆಲ್ಲ ದೋಣಿ ನಡೆಸುವ ತುಕ್ರನ ತಲೆಗೆ ಕಟ್ಟಿ ಅವನನ್ನು ಕೆಲಸದಿಂದ ತೆಗೆದ. ಕೊಳೆತ ಹಲಗೆ ಹಾಗೇ ಉಳಿಯಿತು.

ಅಂದಿನಿಂದ ಸುಂದರಿ ದೋಣಿಗೆ ಕಾಲಿಟ್ಟರೆ ಮಾತು ನಿಲ್ಲುತ್ತಿತ್ತು. ಮೀನು ಮಾರುವ ಅಪ್ಪಿ ಮುಖ ತಿರುಗಿಸಿ ಕೂರುತ್ತಿದ್ದಳು. ಬೆಲ್ಲದ ವ್ಯಾಪಾರದ ಖತೀಜಮ್ಮ ಒಬ್ಬಳೇ ಬಾಯಿ ಬಿಟ್ಟದ್ದು.

"ನಿನಗೆ ಎಂತ ಹೇಳುವುದು ಮಾರಾಯ್ತಿ? ನಾವು ಹೇಳಿದ್ದನ್ನು ನೀನು ಬರೆದೆ, ತುಕ್ರನ ಒಲೆ ಆರಿತು. ನಾಳೆ ಯಾರದ್ದೋ."

ಸುಂದರಿ ಮನೆಗೆ ಬಂದು ಗುಡಿಸಿದ ಅಂಗಳವನ್ನೇ ಮತ್ತೆ ಗುಡಿಸಿದಳು. ತುಕ್ರನ ಮನೆಯ ಬೇಲಿಯವರೆಗೆ ಹೋದಳು, ಕರೆಯಲಾರದೆ ತಿರುಗಿ ಬಂದಳು. ಜನ ಬಾಯಿ ಮುಚ್ಚಿದರೆ ತಾನು ಬರೆಯುವುದಾದರೂ ಏನನ್ನು? ಕೊನೆಗೆ ಬಂದರದ ಗೋದಾಮಿನ ಮಾಳಿಗೆಯಲ್ಲಿದ್ದ ಪತ್ರಿಕೆಯ ಆಫೀಸು ಹತ್ತಿದಳು.

ಸಂಪಾದಕ ತಾರಾನಾಥರು ಒಳ್ಳೆಯವರೇ, ಆದರೆ ಪುಕ್ಕಲು. ಗುಣಪಾಲನ ಹೆಸರು ಹಾಕಿದರೆ ವಕೀಲರ ನೋಟೀಸು ಬಂದೀತು, ಹೆಸರಿಲ್ಲದ ಬಾತ್ಮಿಗೆ ತಾನು ತಲೆ ಕೊಡಬೇಕಾದೀತು ಎಂದು ರಾಗ ಎಳೆದರು. ಸುಂದರಿ ಕಿಟಕಿಗೂ ಬಾಗಿಲಿಗೂ ನಡೆಯುತ್ತಲೇ ಇದ್ದಳು. ಕೂತುಕೊಳ್ಳಿ, ನನಗೆ ತಲೆ ತಿರುಗುತ್ತದೆ ಎಂದರು ಅವರು.

"ಹಾಗಾದರೆ ಕೆಳಗೆ ನನ್ನ ಹೆಸರು ಹಾಕಿ. ನೋಟೀಸು ನನಗೇ ಬರಲಿ."

"ಹೆಂಗಸಿನ ಹೆಸರೇ, ಸುಂದರಿಯಮ್ಮ?"

"ಬರೆದದ್ದು ಹೆಂಗಸೇ ಅಲ್ಲವಾ."

ಮುಂದಿನ ವಾರ ಅಚ್ಚಾಯಿತು. ದೋಣಿ ರಿಪೇರಿ ಗುಣಪಾಲನ ಹೊಣೆ, ತುಕ್ರ ಬೇಡಿಕೊಂಡರೂ ಅವನು ಕಿವಿಗೆ ಹಾಕಿಕೊಳ್ಳಲಿಲ್ಲ ಎಂದು. ಕೆಳಗೆ ಅವಳ ಹೆಸರು.

ಪತ್ರಿಕೆ ಹಿಡಿದು ಸಂಜೆ ಊರಿಗೆ ಮರಳಲು ದೋಣಿ ಹತ್ತುವ ಧಕ್ಕೆಗೆ ಬಂದರೆ, ಹೊಸ ಅಂಬಿಗ ದೋಣಿ ನೂಕುವ ಜಲ್ಲೆ ಅಡ್ಡ ಹಿಡಿದ. ನಿಮ್ಮನ್ನು ಹತ್ತಿಸಬಾರದು ಎಂದು ಗುಣಪಾಲ ಧನಿಗಳ ಅಪ್ಪಣೆ ಅಂದ. ದೋಣಿ ಹೋಯಿತು. ಒಳಗಿದ್ದವರು ನೀರನ್ನೇ ನೋಡುತ್ತಿದ್ದರು. ಸುಂದರಿ ಧಕ್ಕೆಯ ಈ ತುದಿಯಿಂದ ಆ ತುದಿಗೆ ನಡೆದಳು, ಮತ್ತೆ ನಡೆದಳು.

ಕೆಲಸ ಹೋದ ಮೇಲೆ ತುಕ್ರ ಒಂದು ಪುಟ್ಟ ದೋಣಿಯಲ್ಲಿ ಬಲೆ ಬೀಸುತ್ತಿದ್ದ. ಅವಳನ್ನು ನೋಡಿ ಹತ್ತಿರ ಬಂದ.

"ಹೆಸರು ಹಾಕಿಸಿದೆಯಂತೆ."

"ಹೌದು, ತುಕ್ರಣ್ಣ."

"ನನ್ನ ಕೆಲಸ ವಾಪಸು ಬರಲಿಲ್ಲ. ಸಿಟ್ಟೂ ಹೋಗಲಿಲ್ಲ." ದೋಣಿಯನ್ನು ಧಕ್ಕೆಗೆ ಒತ್ತಿ ಹಿಡಿದ. "ಕೂತುಕೋ, ಕತ್ತಲಾಗ್ತದೆ."

ಸುಂದರಿ ಹತ್ತಿ ಕೂತಳು. ನಡುಹೊಳೆಯಲ್ಲಿ ತುಕ್ರನೇ ಶುರುಮಾಡಿದ. ಗುಣಪಾಲ ಕಡವಿನ ದೋಣಿಯ ತೂತಿಗೆ ಚಿಂದಿ ತುರುಕಿಸಿ ಮೇಲೆ ಡಾಮರು ಬಳಿಸಿದ್ದಾನಂತೆ, ಹೊರಗಿನಿಂದ ಹೊಸತರ ಹಾಗೆ ಕಾಣುತ್ತದಂತೆ. ಬಳಿದವನು ಯಾರು, ಯಾವಾಗ ಎಂದು ಅವಳು ಎದ್ದೇ ಬಿಟ್ಟಳು. ದೋಣಿ ಹೊಯ್ದಾಡಿತು.

"ಅಲ್ಲಾಡಬೇಡ ಮಾರಾಯ್ತಿ," ಅಂದ ತುಕ್ರ. "ಹೇಳ್ತೇನೆ, ಮೊದಲು ಕೂತುಕೋ."